ಸೂಜಿ ಮತ್ತು ಕುಂಚ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಸೀಮೆ ನೂಲು ಬಟ್ಟೆಗಳಿಗೆ ಹೆಸರಾದುದು. ರಬಕವಿ ಬನಹಟ್ಟಿಗಳ ಮಗ್ಗಗಳಲ್ಲಿ ಸೀರೆಗಳು ಸಿದ್ಧವಾಗುತ್ತವೆ. ತುಸು ದಕ್ಷಿಣಕ್ಕಿರುವ ಗುಳೇದಗುಡ್ಡದ ಖಣಗಳು ಕುಪ್ಪಸಗಳಾಗಿ ನಾಡಿನ ಹೆಣ್ಣುಮಕ್ಕಳ ಮೈಯನ್ನು ಅಲಂಕರಿಸುತ್ತವೆ. ಉಟ್ಟು ಹಳತಾದ ಬಟ್ಟೆಯನ್ನೂ ಇಲ್ಲಿಯ ಜನ ಬಿಸುಡುವುದಿಲ್ಲ. ಘಟಪ್ರಭೆಯ ದಡದ ಅನಗವಾಡಿಯಂಥ ಊರುಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಪದರುಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಸಾಲು ಹೊಲಿಗೆ ಹಾಕಿ ಕೌದಿಯನ್ನು ಮಾಡುವುದುಂಟು. ಮನೆಗೆಲಸ ಮುಗಿದ ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಕುಳಿತು ಹೆಂಗಸರು ಈ ಕೆಲಸ ಮಾಡುತ್ತಾರೆ. ಚಳಿಗಾಲದಲ್ಲಿ ಮನೆಯವರೆಲ್ಲ ಆ ಕೌದಿಯನ್ನು ಹೊದ್ದು ಬೆಚ್ಚಗೆ ಮಲಗುತ್ತಾರೆ. ಅದನ್ನು ಹೊಲಿದವರ ಹೆಸರು ಅದರ ಮೇಲೆ ಎಲ್ಲಿಯೂ ಇರುವುದಿಲ್ಲ.

ಹೀಗೆ ಮನೆಯೊಳಗೆ ತಲೆಬಾಗಿ ಕುಳಿತು ಹೊಲಿಯುವ ಸ್ತ್ರೀಯರನ್ನು ನಾವು ದಿನವೂ ಕಾಣುತ್ತೇವೆ. ದಿನವೂ ಕಾಣುವುದರಿಂದಲೇ ಅವರನ್ನು ಗಮನವಿಟ್ಟು ನೋಡುವುದಿಲ್ಲ. ಇಂತಹ ಸ್ತ್ರೀಯರನ್ನೇ ತನ್ನ ಕಲೆಗೆ ವಸ್ತುವಾಗಿ ಆರಿಸಿಕೊಂಡು, ಅವರ ದುಡಿಮೆಯ ಕೋಣೆಯನ್ನೇ ತನ್ನ ಪ್ರಪಂಚವಾಗಿ ಮಾಡಿಕೊಂಡು, ಜಗತ್ತಿನ ಹಿರಿಯ ಚಿತ್ರಕಾರರ ಪಂಕ್ತಿಯಲ್ಲಿ ಸ್ಥಾನ ಪಡೆದವನು ಫ್ರಾನ್ಸ್ ದೇಶದ ಎದುವಾರ್ ವುಯಾರ್. ಅವನ ಜೀವನದಲ್ಲಿ ಸಾಹಸದ ಪ್ರಸಂಗಗಳು ಹೆಚ್ಚಾಗಿಲ್ಲ. ಆದರೂ ಅದು ನಮಗೆ ತಿಳಿದಿರತಕ್ಕ ಜೀವನವಾಗಿದೆ.

ವುಯಾರ್ ೧೮೬೮ನೆಯ ಇಸವಿ ನವೆಂಬರ್ ೧೧ರಂದು ಪೂರ್ವ ಫ್ರಾನ್ಸಿನ ಕ್ವಿಜೋ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ತಂದೆ ಒನೊರೆ ವುಯಾರ್ ನೌಕಾದಳದ ಪದಾತಿ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದು, ನಿವೃತ್ತನಾದ ಬಳಿಕ ತೆರಿಗೆ ವಸೂಲಿಯ ಅಧಿಕಾರಿಯಾಗಿದ್ದನು. ತಾಯಿ ಮಾರಿ ಮಿಶೊ ಗಂಡನಿಗಿಂತ ಇಪ್ಪತ್ತೇಳು ವರ್ಷ ಕಿರಿಯಳು. ಆಕೆಯ ತವರಿನವರು ಬಟ್ಟೆಗಳ ಮೇಲಣ ವಿನ್ಯಾಸಗಳನ್ನು ರಚಿಸುವ ಕಸುಬಿನವರು. ಹೀಗಾಗಿ ನೂಲು, ಬಣ್ಣ, ಬಳ್ಳಿ, ಹೂವುಗಳ ಪರಿಚಯ ಆಕೆಗೆ ಬಾಲ್ಯದಿಂದಲೇ ಇದ್ದಿತು. ಎದುವಾರ್ ಆಕೆಯ ಕಿರಿಯ ಮಗ. ಅವನಿಗೆ ಮಾರಿ ಎಂಬ ಅಕ್ಕನೂ ಅಲೆಕ್ಸಾಂದ್ರ್ ಎಂಬ ಅಣ್ಣನೂ ಇದ್ದರು.

೧೮೭೭ರಲ್ಲಿ ತಂದೆ ಕೆಲಸದಿಂದ ಬಿಡುವು ಪಡೆದಾಗ ಕುಟುಂಬವು ಪ್ಯಾರಿಸ್ ನಗರಕ್ಕೆ ಬಂದು ನೆಲೆಸಿತು. ಕೆಲವೇ ವರ್ಷಗಳಲ್ಲಿ ತಂದೆ ತೀರಿಕೊಂಡನು. ಎದುವಾರ್ ಆಗ ಇನ್ನೂ ಶಾಲೆಯಲ್ಲಿ ಓದುತ್ತಿದ್ದ ಹುಡುಗ. ಮನೆಯ ಭಾರವೆಲ್ಲ ತಾಯಿಯ ಹೆಗಲೇರಿತು. ಆಕೆ ಎದೆಗುಂದಲಿಲ್ಲ. ಆ ಕಾಲದ ಫ್ರೆಂಚ್ ಸ್ತ್ರೀಯರು ನಡುವನ್ನು ಬಿಗಿದು ತೊಡುತ್ತಿದ್ದ ಕಾರ್ಸೆಟ್ ಎಂಬ ಒಳ ಉಡುಪನ್ನೂ ಇತರ ಉಡುಪುಗಳನ್ನೂ ಹೊಲಿದು ಕೊಡುವ ಕಸುಬನ್ನು ಆಕೆ ಮನೆಯಲ್ಲಿಯೇ ನಡೆಸಿದಳು. ಕೂಲಿಗೆ ಹೊಲಿಯುವ ಒಬ್ಬಿಬ್ಬರು ಹುಡುಗಿಯರು ಬರುತ್ತಿದ್ದರು. ಮಗಳು ಮಾರಿಯೂ ತಾಯಿಯ ಜೊತೆ ಕುಳಿತಳು. ಮುದಿ ಅಜ್ಜಿಯೂ ಆ ಮನೆಯಲ್ಲಿಯೇ ಇದ್ದಳು. ಕೋಣೆಗಳು ಚಿಕ್ಕವು. ಉಣ್ಣುವ ಕೋಣೆಯೇ ಹೊಲಿಯುವ ಕೋಣೆ, ಹೊಲಿಯುವ ಮೇಜೇ ಉಣ್ಣುವ ಮೇಜು. ಬಟ್ಟೆಯ ಸುರುಳಿಗಳು, ಕತ್ತರಿಸಿದ ಚೂರುಗಳು, ದಾರದ ಉಂಡೆಗಳು ಎಲ್ಲೆಲ್ಲಿಯೂ ಹರಡಿರುತ್ತಿದ್ದವು. ಗೋಡೆಗಳಿಗೆ ಹೂಬಳ್ಳಿಗಳ ಅಚ್ಚುಳ್ಳ ಕಾಗದವನ್ನು ಅಂಟಿಸಲಾಗಿತ್ತು. ರಾತ್ರಿ ದೀಪದ ಬೆಳಕಿನಲ್ಲಿ ಕೆಲಸ ಮುಂದುವರಿಯುತ್ತಿತ್ತು. ಈ ವಾತಾವರಣದಲ್ಲಿಯೇ ಹುಡುಗ ಬೆಳೆದನು.

ಎದುವಾರ್ ಓದಿನಲ್ಲಿ ಚುರುಕಾಗಿದ್ದನು. ವಿದ್ಯಾರ್ಥಿವೇತನ ಪಡೆದು, ಮುಂದೆ ಕೊಂದೋರ್ಸೆ ಎಂಬ ಹೆಸರು ತಳೆದ ಪ್ರಸಿದ್ಧ ಪ್ರೌಢಶಾಲೆಯನ್ನು ಸೇರಿದನು. ತಂದೆಯಂತೆ ಸೈನ್ಯಕ್ಕೆ ಸೇರಬೇಕೆಂಬುದು ಮೊದಲಿನ ಯೋಚನೆಯಾಗಿದ್ದಿತು. ಆದರೆ ಶಾಲೆಯಲ್ಲಿ ದೊರೆತ ಗೆಳೆಯರು ಅವನ ದಾರಿಯನ್ನು ಬದಲಿಸಿದರು. ಕೆರ್-ಗ್ಸಾವಿಯೆ ರೂಸೆಲ್, ಮೊರೀಸ್ ದೆನಿ ಇವರು ಮುಂದೆ ಹೆಸರುವಾಸಿಯಾದ ಚಿತ್ರಕಾರರು. ಲುನ್ಯೆ-ಪೊ ಮುಂದೆ ರಂಗಭೂಮಿಯಲ್ಲಿ ಕೀರ್ತಿ ಪಡೆದವನು. ೧೮೮೫ರಲ್ಲಿ ಶಾಲೆ ಬಿಟ್ಟಾಗ ವುಯಾರ್ ಚಿತ್ರಕಾರನಾಗುವುದೆಂದು ನಿಶ್ಚಯಿಸಿದನು.

ಈ ನಿಶ್ಚಯ ಸುಲಭವಾದುದಾಗಿರಲಿಲ್ಲ. ಸೈನ್ಯದ ಹುದ್ದೆಗೆ ತಿಂಗಳ ಸಂಬಳವುಂಟು, ವೃದ್ಧಾಪ್ಯದಲ್ಲಿ ನಿವೃತ್ತಿವೇತನವುಂಟು. ಚಿತ್ರಕಾರನ ಬಾಳಿಗೆ ಯಾವ ಭರವಸೆಯೂ ಇಲ್ಲ. ಇತ್ತ ಮನೆ ನಡೆಯುತ್ತಿದ್ದುದು ತಾಯಿಯ ಸೂಜಿಯ ಮೊನೆಯ ಮೇಲೆ. ಆದರೂ ಆ ತಾಯಿ ಮಗನ ದಾರಿಗೆ ಅಡ್ಡ ಬರಲಿಲ್ಲ. ಅವನು ಕಲಿಯುವಷ್ಟು ಕಾಲವೂ ಅವನನ್ನು ಸಾಕಿದಳು.

ಕಲಾಶಾಲೆಯ ಬಾಗಿಲು ಅವನಿಗೆ ಬೇಗನೆ ತೆರೆಯಲಿಲ್ಲ. ಪ್ಯಾರಿಸ್ಸಿನ ಸರಕಾರಿ ಕಲಾಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಮೂರು ಸಲ ವಿಫಲನಾಗಿ, ೧೮೮೭ರಲ್ಲಿ ಅವನು ಅಲ್ಲಿಗೆ ಪ್ರವೇಶ ಪಡೆದನು. ಜೂಲಿಯನ್ ಅಕಾಡೆಮಿ ಎಂಬ ಖಾಸಗಿ ಕಲಾಶಾಲೆಯಲ್ಲಿಯೂ ಅವನು ಅಭ್ಯಾಸ ಮಾಡಿದನು. ಅರವತ್ತಕ್ಕೂ ಮಿಕ್ಕಿದ ವರ್ಷಗಳ ತರುವಾಯ, ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ನಮ್ಮ ನಾಡಿನ ಹೆಸರಾಂತ ಕಲಾವಿದರಾದ ಕೆ. ಕೆ. ಹೆಬ್ಬಾರರೂ ಇದೇ ಅಕಾಡೆಮಿಯಲ್ಲಿ ಕೆಲಕಾಲ ಕಲಿತರೆಂಬುದನ್ನು ಇಲ್ಲಿ ನೆನೆಯಬಹುದು. ೧೮೮೯ರಲ್ಲಿ ಸಲೋನ್ ಎಂಬ ಪ್ರತಿಷ್ಠಿತ ವಾರ್ಷಿಕ ಪ್ರದರ್ಶನದಲ್ಲಿ ವುಯಾರ್ ಬರೆದ ಒಂದು ಚಿತ್ರಕ್ಕೆ ಸ್ಥಾನ ದೊರೆಯಿತು. ಅದು ಅವನ ಅಜ್ಜಿಯ ಭಾವಚಿತ್ರ. ಹೀಗೆ ಮೊದಲ ಮನ್ನಣೆಯೂ ಮನೆಯ ಹೊಸಿಲೊಳಗಿನ ಚಿತ್ರಕ್ಕೇ ಬಂದಿತು.

ಆ ವೇಳೆಗೆ ಯೂರೋಪಿನ ಚಿತ್ರಕಲೆಯಲ್ಲಿ ಒಂದು ದೊಡ್ಡ ಬದಲಾವಣೆ ನಡೆಯುತ್ತಿದ್ದಿತು. ಇಂಪ್ರೆಷನಿಸ್ಟ್ ಎಂದು ಹೆಸರಾದ ಚಿತ್ರಕಾರರು ಬಯಲಿಗೆ ಹೋಗಿ, ಕ್ಷಣಕ್ಷಣಕ್ಕೂ ಮಾರ್ಪಡುವ ಬೆಳಕನ್ನು ಕಂಡಂತೆಯೇ ಚಿತ್ರಿಸಲು ತೊಡಗಿದ್ದರು. ಅವರ ಬೆನ್ನಲ್ಲೇ ಬಂದ ಸೆಜಾನ್, ಗೊಗ್ಯಾಂ, ವಾನ್ ಗೋ ಮುಂತಾದವರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಕಣ್ಣಿಗೆ ಕಂಡುದರ ಜೊತೆಗೆ ಮನಸ್ಸು ಅನುಭವಿಸಿದುದನ್ನೂ ಬಣ್ಣ ಮತ್ತು ಆಕಾರಗಳ ಜೋಡಣೆಯಿಂದ ತೋರಿಸಬೇಕೆಂದು ಅವರು ಯತ್ನಿಸಿದರು. ಇವರ ಕಲೆಗೆ ಮುಂದೆ ೧೯೧೦ರಲ್ಲಿ ರೋಜರ್ ಫ್ರೈ ಎಂಬ ಆಂಗ್ಲ ವಿಮರ್ಶಕನು ಲಂಡನ್ನಿನ ಒಂದು ಪ್ರದರ್ಶನದ ಸಂದರ್ಭದಲ್ಲಿ ಪೋಸ್ಟ್-ಇಂಪ್ರೆಷನಿಸಂ, ಎಂದರೆ ಇಂಪ್ರೆಷನಿಸಂನ ತರುವಾಯದ ಕಲೆ ಎಂಬ ಹೆಸರನ್ನು ಕೊಟ್ಟನು.

೧೮೮೮ರಲ್ಲಿ ಪಾಲ್ ಸೆರ್ಯೂಸಿಯೆ ಎಂಬ ಯುವಕನು ಗೊಗ್ಯಾಂನ ಮಾರ್ಗದರ್ಶನದಲ್ಲಿ ಒಂದು ಪುಟ್ಟ ಮರದ ಹಲಗೆಯ ಮೇಲೆ ನಿಸರ್ಗದೃಶ್ಯವೊಂದನ್ನು ಅಚ್ಚ ಬಣ್ಣಗಳಲ್ಲಿ ಬರೆದು ಪ್ಯಾರಿಸ್ಸಿಗೆ ತಂದನು. ಅದನ್ನು ಕಂಡ ತರುಣರು ಬೆರಗಾದರು. ಅವರು ಒಂದು ಗುಂಪು ಕಟ್ಟಿಕೊಂಡು ತಮ್ಮನ್ನು ನಬಿಗಳೆಂದು ಕರೆದುಕೊಂಡರು. ಹೀಬ್ರೂ ಭಾಷೆಯಲ್ಲಿ ನಬಿ ಎಂದರೆ ಪ್ರವಾದಿ. ವುಯಾರ್, ಬೊನಾರ್, ದೆನಿ, ರೂಸೆಲ್ ಇವರೆಲ್ಲ ಈ ಗುಂಪಿಗೆ ಸೇರಿದವರು. ೧೮೯೦ರಲ್ಲಿ ಪ್ಯಾರಿಸ್ಸಿನಲ್ಲಿ ಜಪಾನಿನ ಮರದಚ್ಚಿನ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ನೆರಳಿಲ್ಲದ ಬಣ್ಣದ ಹರಹುಗಳು, ತುಂಬು ವಿನ್ಯಾಸದ ಉಡುಪುಗಳು, ಅಂಚಿನಲ್ಲಿ ತುಂಡಾಗಿ ಕಾಣುವ ಆಕೃತಿಗಳು ಈ ತರುಣರ ಮನಸ್ಸನ್ನು ಸೆರೆಹಿಡಿದವು.

ಗೆಳೆಯರಲ್ಲಿ ಕೆಲವರು ಪುರಾಣ ಮತ್ತು ಧರ್ಮಗಳ ಕಥೆಗಳನ್ನು ಹುಡುಕಿಕೊಂಡು ಹೋದರು. ಸಂಕೋಚ ಸ್ವಭಾವದವನೂ ಮಿತಭಾಷಿಯೂ ಆದ ವುಯಾರ್ ಮನೆಗೆ ಹಿಂದಿರುಗಿದನು. ಹೊಸ ಕಲೆಯು ಕೇಳುತ್ತಿದ್ದ ಬಣ್ಣದ ತುಂಡುಗಳೂ ವಿನ್ಯಾಸಗಳೂ ತಾಯಿಯ ಮೇಜಿನ ಮೇಲೆಯೇ ಹರಡಿದ್ದುದನ್ನು ಅವನು ಕಂಡುಕೊಂಡನು. ತಾಯಿ ಬಟ್ಟೆಯ ತುಂಡಿಗೆ ತುಂಡನ್ನು ಕೂಡಿಸುವಂತೆ ಅವನು ಬಣ್ಣದ ತುಣುಕಿಗೆ ತುಣುಕನ್ನು ಕೂಡಿಸಿ ಚಿತ್ರ ಬರೆಯತೊಡಗಿದನು. ೧೮೯೦ರಿಂದ ಮುಂದಿನ ಹತ್ತು ವರ್ಷಗಳಲ್ಲಿ ಹೊಲಿಗೆಯ ಸ್ತ್ರೀಯರ ಚಿತ್ರಗಳು ಒಂದರ ಬಳಿಕ ಒಂದಾಗಿ ಅವನ ಕೈಯಿಂದ ಮೂಡಿದವು. ೧೮೯೨ರಲ್ಲಿ ಪಾಲ್ ದೆಮಾರೆ ಎಂಬ ಸಿರಿವಂತನು ತನ್ನ ಮನೆಯ ಅಲಂಕಾರಕ್ಕಾಗಿ ಆರು ಚಿತ್ರಫಲಕಗಳನ್ನು ಬರೆದುಕೊಡುವಂತೆ ಕೇಳಿದನು. ಅವುಗಳಲ್ಲಿ ಎರಡು ಫಲಕಗಳಲ್ಲಿ ವುಯಾರ್ ಚಿತ್ರಿಸಿದುದು ಹೊಲಿಗೆಯ ಕೋಣೆಯನ್ನೇ. ದೇವತೆಗಳ, ಅರಸರ ಚಿತ್ರಗಳಿರುತ್ತಿದ್ದ ಶ್ರೀಮಂತರ ಗೋಡೆಯ ಮೇಲೆ ಹೀಗೆ ದುಡಿಯುವ ಹೆಣ್ಣುಮಕ್ಕಳು ಬಂದು ಕುಳಿತರು.

ಈ ಚಿತ್ರಗಳ ಪೈಕಿ ೧೮೯೩ರಲ್ಲಿ ಬರೆದ ಒಂದು ಚಿತ್ರ ವಿಶೇಷವಾಗಿ ಗಮನಿಸತಕ್ಕುದು. ಕೆಲಸದ ಮೇಜಿರುವ ಒಳಮನೆ ಎಂಬುದು ಅದರ ಒಂದು ಹೆಸರು. ವಿವಾಹಾರ್ಥಿ ಎಂಬುದು ಇನ್ನೊಂದು. ಅದು ಅಮೆರಿಕದ ಸ್ಮಿತ್ ಕಾಲೇಜಿನ ಕಲಾಸಂಗ್ರಹಾಲಯದಲ್ಲಿದೆ. ಚಿತ್ರ ಬಹಳ ಚಿಕ್ಕದು; ಉದ್ದವಾಗಲಿ ಅಗಲವಾಗಲಿ ನಲವತ್ತು ಸೆಂಟಿಮೀಟರುಗಳನ್ನು ಮುಟ್ಟುವುದಿಲ್ಲ. ಅದನ್ನು ಮೊದಲು ನೋಡಿದವರಿಗೆ ಚುಕ್ಕೆ ಚುಕ್ಕೆಯಾಗಿ ಚೆಲ್ಲಿದ ಬಣ್ಣಗಳಲ್ಲದೆ ಬೇರೇನೂ ಕಾಣಿಸದು. ಗೋಡೆಯ ಕಾಗದದ ಹೂಗಳು, ಮೇಜಿನ ಮೇಲಣ ಬಟ್ಟೆಗಳು, ಉಡುಪಿನ ಅಚ್ಚುಗಳು ಒಂದರೊಳಗೊಂದು ಬೆರೆತುಹೋಗಿವೆ. ಸ್ವಲ್ಪ ಹೊತ್ತು ತಾಳ್ಮೆಯಿಂದ ನೋಡಿದರೆ ಆ ಬಣ್ಣಗಳ ನಡುವಿನಿಂದ ಒಬ್ಬೊಬ್ಬರಾಗಿ ಮನುಷ್ಯರು ಹೊರಬರುತ್ತಾರೆ. ಕೆಲಸದಲ್ಲಿ ತೊಡಗಿರುವ ಇಬ್ಬರು ಸ್ತ್ರೀಯರು ವುಯಾರನ ತಾಯಿ ಮತ್ತು ಅಕ್ಕ. ಬಾಗಿಲ ಮರೆಯಿಂದ ಇಣುಕುತ್ತಿರುವ ಯುವಕನು ಗೆಳೆಯ ರೂಸೆಲ್. ಅದೇ ವರ್ಷ ಅವನು ಮಾರಿಯನ್ನು ಮದುವೆಯಾದನು. ಆ ದಾಂಪತ್ಯ ಸುಖವಾಗಿ ಸಾಗಲಿಲ್ಲವೆಂಬುದು ಬೇರೆ ಮಾತು. ಚಿತ್ರದಲ್ಲಿ ಮಾತ್ರ ದುಡಿಮೆಯ ಕೋಣೆಯೊಳಕ್ಕೆ ಹೊಸ ಬಾಳಿನ ಆಸೆಯೊಂದು ಮೆಲ್ಲನೆ ಕಾಲಿಡುತ್ತಿರುವುದನ್ನು ಕಾಣುತ್ತೇವೆ.

ಅದೇ ವರ್ಷದ ಇನ್ನೊಂದು ಚಿತ್ರ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯದಲ್ಲಿದೆ. ಅದರಲ್ಲಿಯೂ ತಾಯಿ ಮಗಳಿಬ್ಬರೇ ಇದ್ದಾರೆ. ಕಪ್ಪು ಉಡುಪಿನ ತಾಯಿ ಕೋಣೆಯ ನಡುವೆ ಬಂಡೆಯಂತೆ ಗಟ್ಟಿಯಾಗಿ ಕುಳಿತಿದ್ದಾಳೆ. ಮಗಳು ಬೆನ್ನು ಬಗ್ಗಿಸಿ ಗೋಡೆಗೆ ಒತ್ತಿ ನಿಂತಿದ್ದಾಳೆ. ಅವಳ ಉಡುಪಿನ ವಿನ್ಯಾಸ ಗೋಡೆಯ ವಿನ್ಯಾಸದಲ್ಲಿ ಕರಗಿಹೋಗುತ್ತಿದೆ. ಮನೆಯನ್ನು ಎತ್ತಿ ನಿಲ್ಲಿಸಿದ ಹೆಣ್ಣಿನ ಬಲವೂ, ಅದೇ ಮನೆಯಲ್ಲಿ ಇದ್ದೂ ಇಲ್ಲದಂತಾದ ಹೆಣ್ಣಿನ ಸಂಕಟವೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ವುಯಾರ್ ತನ್ನವರನ್ನು ಪ್ರೀತಿಸಿದನು. ಆದರೆ ಪ್ರೀತಿಗಾಗಿ ಸತ್ಯವನ್ನು ಮರೆಮಾಚಲಿಲ್ಲ. ಕೋಣೆಯ ಇಕ್ಕಟ್ಟನ್ನೂ, ಬಾಗಿದ ಬೆನ್ನನ್ನೂ ಇದ್ದಂತೆಯೇ ತೋರಿಸಿದನು.

ಹೊಲಿಗೆಯ ಸ್ತ್ರೀಯರನ್ನು ಅವನಿಗಿಂತ ಮುಂಚೆಯೂ ಅನೇಕರು ಚಿತ್ರಿಸಿದ್ದರು. ಅಂತಹ ಚಿತ್ರಗಳಲ್ಲಿ ಹೆಣ್ಣಿನ ಚೆಲುವಾದ ಮುಖಕ್ಕೆ ಮೊದಲ ಸ್ಥಾನ; ಸೂಜಿ ದಾರಗಳು ಬರಿಯ ನೆಪ. ವುಯಾರನ ಚಿತ್ರಗಳಲ್ಲಿ ಮುಖಗಳು ಅನೇಕ ವೇಳೆ ಸ್ಪಷ್ಟವಾಗಿ ಕಾಣುವುದೇ ಇಲ್ಲ. ಹೊಲಿಯುವವರು ತಲೆ ತಗ್ಗಿಸಿರುತ್ತಾರೆ. ಅವರ ದೃಷ್ಟಿ ನೋಡುವವರ ಕಡೆಗಿಲ್ಲ, ಬಟ್ಟೆಯ ಕಡೆಗಿದೆ. ನೋಡುವವನೇ ಅವರನ್ನು ಹುಡುಕಿ ಕಾಣಬೇಕು. ಮನೆಯೊಳಗೆ ದುಡಿಯುವ ಸ್ತ್ರೀಯ ವಿಷಯದಲ್ಲಿ ನಡೆಯುವುದೂ ಇದೇ ಅಲ್ಲವೆ? ಆಕೆ ಹಾಸಿದ ಹಾಸಿಗೆ, ಹೊಲಿದ ಉಡುಪು, ಅಟ್ಟ ಅಡಿಗೆ ನಮ್ಮ ಕಣ್ಣಿಗೆ ಬೀಳುತ್ತವೆ. ಅವುಗಳ ನಡುವೆ ಆಕೆ ಕಾಣದಂತಾಗುತ್ತಾಳೆ. ವುಯಾರನ ಚಿತ್ರ ನಮ್ಮನ್ನು ನಿಲ್ಲಿಸಿ, ಹುಡುಕಿಸಿ, ಆಕೆಯನ್ನು ಕಾಣುವಂತೆ ಮಾಡುತ್ತದೆ. ಅವನ ಕಲೆಯ ಹಿರಿಮೆ ಇರುವುದು ಇಲ್ಲಿ.

ಲುನ್ಯೆ-ಪೊ ೧೮೯೩ರಲ್ಲಿ ತನ್ನ ನಾಟಕಶಾಲೆಯನ್ನು ಸ್ಥಾಪಿಸಿದಾಗ ವುಯಾರ್ ಅದಕ್ಕೆ ರಂಗದೃಶ್ಯಗಳನ್ನೂ ಪ್ರದರ್ಶನದ ಪತ್ರಿಕೆಗಳನ್ನೂ ಬರೆದುಕೊಟ್ಟನು. ನಾಟಕದ ಪರದೆಗಳಿಗೆ ಬಳಸುವ ಬಣ್ಣದ ಪರಿಚಯ ಅವನಿಗೆ ರಂಗಭೂಮಿಯಲ್ಲಿಯೇ ಆಯಿತು. ಅಂಟನ್ನು ನೀರಿನಲ್ಲಿ ಕಾಯಿಸಿ, ಬಣ್ಣದ ಪುಡಿಯನ್ನು ಕಲಸಿ, ಬಿಸಿಯಿರುವಾಗಲೇ ಹಚ್ಚುವ ಬಣ್ಣವದು. ಬೇಗನೆ ಒಣಗುತ್ತದೆ, ಎಣ್ಣೆಯ ಬಣ್ಣದಂತೆ ಹೊಳೆಯುವುದಿಲ್ಲ. ಒಣಗಿದ ಮೇಲೆ ಬಟ್ಟೆಯಂತೆ ಮಾಸಲು ಕಾಂತಿಯನ್ನು ತಳೆಯುತ್ತದೆ. ತನ್ನ ದೊಡ್ಡ ಅಲಂಕಾರ ಚಿತ್ರಗಳಿಗೆ ವುಯಾರ್ ಇದನ್ನೇ ಆರಿಸಿಕೊಂಡನು. ೧೮೯೪ರಲ್ಲಿ ಅಲೆಕ್ಸಾಂದ್ರ್ ನತಾನ್ಸನ್ ಎಂಬ ಪೋಷಕನಿಗಾಗಿ ಒಂಬತ್ತು ಫಲಕಗಳಲ್ಲಿ ಬರೆದ ಪ್ಯಾರಿಸ್ಸಿನ ಉದ್ಯಾನಗಳ ಚಿತ್ರಮಾಲೆ ಈ ಬಗೆಯದು. ದಾದಿಯರು, ತಾಯಂದಿರು, ಆಡುವ ಮಕ್ಕಳು ಅದರ ಪಾತ್ರಗಳು. ಆ ಫಲಕಗಳಲ್ಲಿ ಐದು ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿವೆ.

ಕಾಲಕ್ರಮದಲ್ಲಿ ವುಯಾರನಿಗೆ ಕೀರ್ತಿಯೂ ಧನಿಕರ ಆಶ್ರಯವೂ ದೊರೆತವು. ವೈದ್ಯರು, ಲೇಖಕರು, ನಟನಟಿಯರು, ವರ್ತಕರು ತಮ್ಮ ಭಾವಚಿತ್ರಗಳನ್ನು ಅವನಿಂದ ಬರೆಸಿಕೊಂಡರು. ಅವನ ಶೈಲಿ ಬದಲಾಯಿತು. ವಸ್ತುಗಳನ್ನು ವಿವರವಾಗಿ, ಕಂಡಂತೆ ಬರೆಯುವ ಕಡೆಗೆ ಅವನು ವಾಲಿದನು. ಹಿಂದಿನ ತೇಜಸ್ಸು ಈ ಚಿತ್ರಗಳಲ್ಲಿಲ್ಲವೆಂದು ಹೇಳಿದ ವಿಮರ್ಶಕರೂ ಉಂಟು. ಆದರೆ ಬಾಳಿನ ರೀತಿಯಲ್ಲಿ ಅವನು ಬದಲಾಗಲಿಲ್ಲ. ೧೯೧೨ರಲ್ಲಿ ಫ್ರೆಂಚ್ ಸರಕಾರದ ಲೆಜಿಯಾನ್ ದೊನ್ಯೂರ್ ಎಂಬ ಗೌರವ ತನ್ನೆಡೆಗೆ ಬಂದಾಗ ಬೊನಾರ್ ಮತ್ತು ರೂಸೆಲರಂತೆ ಅವನೂ ಅದನ್ನು ನಿರಾಕರಿಸಿದನು. ಮೊದಲನೆಯ ಮಹಾಯುದ್ಧದ ಆರಂಭದಲ್ಲಿ ಕಾವಲುಗಾರನಾಗಿ ಸೇವೆ ಸಲ್ಲಿಸಿದನು. ೧೯೧೭ರಲ್ಲಿ ಯುದ್ಧದ ದೃಶ್ಯಗಳನ್ನು ಚಿತ್ರಿಸಲು ರಣಭೂಮಿಯ ಸಮೀಪಕ್ಕೆ ಹೋಗಿಬಂದನು.

ವುಯಾರ್ ಮದುವೆಯಾಗಲಿಲ್ಲ. ತಾಯಿ ಬದುಕಿರುವವರೆಗೆ ಆಕೆಯ ಜೊತೆಯಲ್ಲಿಯೇ ಬಾಳಿದನು. ಪ್ಯಾರಿಸ್ಸಿನಲ್ಲಿ ಅವರು ಹಲವು ಮನೆಗಳನ್ನು ಬದಲಾಯಿಸಿದರು. ಪ್ರತಿಯೊಂದು ಮನೆಯೂ ಅವನ ಚಿತ್ರಗಳಲ್ಲಿ ಸೇರಿತು. ತಾಯಿ ಹೊಲಿಗೆಯ ಕಸುಬನ್ನು ಬಿಟ್ಟ ಮೇಲೆಯೂ ಸೂಜಿಯನ್ನು ಕೆಳಗಿಡಲಿಲ್ಲ. ಹರಿದ ಬಟ್ಟೆಗೆ ತೇಪೆ ಹಾಕುತ್ತ, ಕಿಟಕಿಯ ಬಳಿ ಕುಳಿತು ಓದುತ್ತ, ಮೊಮ್ಮಗಳನ್ನು ಆಡಿಸುತ್ತ ಇರುವ ಆಕೆಯನ್ನು ಅವನು ಮತ್ತೆ ಮತ್ತೆ ಬರೆದನು. ಕೈಯಲ್ಲಿ ಹಿಡಿದು ತೆಗೆಯುವ ಕ್ಯಾಮರಾ ಬಂದಾಗ ಅವನು ಆಕೆಯ ಛಾಯಾಚಿತ್ರಗಳನ್ನು ತೆಗೆದನು. ಅವುಗಳನ್ನು ಸಂಸ್ಕರಿಸುವ ಕೆಲಸದಲ್ಲಿ ತಾಯಿಯೇ ನೆರವಾದಳು. ನಡುವಯಸ್ಸಿನ ದರ್ಜಿಯಿಂದ ಮೊದಲುಗೊಂಡು ನರೆತ ಕೂದಲಿನ ವೃದ್ಧೆಯವರೆಗೆ ಒಬ್ಬ ಸಾಮಾನ್ಯ ಗೃಹಿಣಿಯ ಬಾಳು ಹೀಗೆ ಚಿತ್ರಗಳಲ್ಲಿ ಉಳಿದು ಬಂದುದು ಕಲೆಯ ಇತಿಹಾಸದಲ್ಲಿ ಅಪರೂಪ. ೧೯೨೮ರಲ್ಲಿ ಆಕೆ ತೀರಿಕೊಂಡಳು. ವುಯಾರನಿಗೆ ಆಗ ಅರವತ್ತು ವರ್ಷ.

ಅವನ ಕೊನೆಯ ವರ್ಷಗಳಲ್ಲಿ ರಾಷ್ಟ್ರವು ಅವನನ್ನು ಗೌರವಿಸಿತು. ೧೯೩೭ರಲ್ಲಿ ಪ್ಯಾರಿಸ್ಸಿನ ಶಾಯೊ ಭವನದ ನಾಟಕಶಾಲೆಗೆ ಅವನು ದೊಡ್ಡ ಭಿತ್ತಿಚಿತ್ರ ಬರೆದನು. ಮರುವರ್ಷ ಅಲಂಕಾರ ಕಲೆಗಳ ಸಂಗ್ರಹಾಲಯದಲ್ಲಿ ಅವನ ಜೀವಮಾನದ ಕೃತಿಗಳ ಪ್ರದರ್ಶನ ನಡೆಯಿತು. ಎರಡನೆಯ ಮಹಾಯುದ್ಧ ಪ್ರಾರಂಭವಾಗಿ ಜರ್ಮನ್ ಸೈನ್ಯವು ೧೯೪೦ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸನ್ನು ಆಕ್ರಮಿಸಿದಾಗ ಲಕ್ಷಾಂತರ ಜನರು ಊರು ತೊರೆದರು. ಅಸ್ವಸ್ಥನಾಗಿದ್ದ ವುಯಾರನೂ ಮನೆಯನ್ನು ಬಿಟ್ಟು ಹೊರಡಬೇಕಾಯಿತು. ಪಶ್ಚಿಮದ ಕಡಲತೀರದ ಲಾ ಬೋಲ್ ಎಂಬ ಊರಿನಲ್ಲಿ ಜೂನ್ ೨೧ರಂದು ಅವನು ಕೊನೆಯುಸಿರೆಳೆದನು. ಅದರ ಮರುದಿನವೇ ಫ್ರಾನ್ಸ್ ಯುದ್ಧವಿರಾಮಕ್ಕೆ ಸಹಿ ಹಾಕಿತು. ಜೀವಮಾನವೆಲ್ಲ ಮನೆಯ ಒಳಗನ್ನು ಚಿತ್ರಿಸಿದವನು ಮನೆಯಿಂದ ದೂರದಲ್ಲಿ ಸತ್ತನು.

ವುಯಾರ್ ಬದುಕಿದ ಮನೆಗಳಲ್ಲಿ ಈಗ ಹೊಲಿಗೆಯ ಸಪ್ಪಳವಿಲ್ಲ. ಆ ತಾಯಿ ಹೊಲಿದ ಉಡುಪುಗಳು ತೊಟ್ಟವರೊಡನೆಯೇ ಸವೆದುಹೋದವು. ಆದರೆ ಆಕೆ ಬಗ್ಗಿ ಹೊಲಿಯುತ್ತಿದ್ದ ಭಂಗಿ, ಕೈಯ ಕೆಳಗೆ ಹರಡಿದ ಬಟ್ಟೆ, ದೀಪದ ಬೆಳಕು ಜಗತ್ತಿನ ಪ್ರಸಿದ್ಧ ಸಂಗ್ರಹಾಲಯಗಳಲ್ಲಿ ಉಳಿದಿವೆ. ತನ್ನನ್ನು ಸಾಕಿದ ಸೂಜಿಯ ಋಣವನ್ನು ಮಗನು ಕುಂಚದಿಂದ ತೀರಿಸಲು ಯತ್ನಿಸಿದನೆನ್ನಬಹುದು. ನಮ್ಮ ಮನೆಗಳಲ್ಲಿಯೂ ಬೆಳಕು ಬೀಳುವ ಒಂದು ಮೂಲೆಯುಂಟು. ಅಲ್ಲಿ ಕುಳಿತು ಕೌದಿಗೆ ದಾರ ಪೋಣಿಸುವ ಅಜ್ಜಿಯೋ ತಾಯಿಯೋ ಅಕ್ಕನೋ ಇದ್ದಾರೆ. ನಾವೆಲ್ಲ ಚಿತ್ರಕಾರರಾಗಲಾರೆವು, ಆದರೆ ಅವರನ್ನು ಕಣ್ಣೆತ್ತಿ ನೋಡಬಲ್ಲೆವು.